ಮಾವನ ಲೆಕ್ಕದಲ್ಲಿ ಅತ್ತೆಯ ವಯಸ್ಸು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ನಾಲ್ಕು ತಾಲ್ಲೂಕುಗಳ ಯಾವುದೇ ಕಲ್ಯಾಣಮಂಟಪದ ಊಟದ ಸಾಲಿನಲ್ಲಿ ಒಬ್ಬ ಮನುಷ್ಯನ ಎಡಗಡೆ ಒಂದು, ಬಲಗಡೆ ಒಂದು ಎಲೆ ಖಾಲಿ ಇದ್ದರೆ, ನಡುವೆ ಕೂತು ಒಬ್ಬಟ್ಟು ತಿನ್ನುತ್ತಿರುವವರು ನನ್ನ ಸೋದರಮಾವ ಎಂದು ನೀವು ಕಣ್ಣು ಮುಚ್ಚಿಕೊಂಡು ಹೇಳಬಹುದು. ಮಾವನಿಗೆ ಅಂಟುರೋಗವಿಲ್ಲ. ಬಾಯಿ ಕೆಟ್ಟದ್ದಲ್ಲ. ಕುಡಿತವಂತೂ ಇಲ್ಲವೇ ಇಲ್ಲ. ಇರುವುದು ಒಂದೇ ಒಂದು ಚಟ. ಪಕ್ಕದಲ್ಲಿ ಕೂತವರ ವಯಸ್ಸು ಕೇಳಿ, ಉಪ್ಪಿನಕಾಯಿಯ ರಸದಲ್ಲಿ ಬೆರಳದ್ದಿ, ಎಲೆಯ ಅಂಚಿನಲ್ಲಿ ಏನೋ ಗೀಚಿ ಕೂಡಿ ಕಳೆದು, ಪಾಯಸ ಬರುವಷ್ಟರಲ್ಲಿ ಅವರು ಸರಾಸರಿ ಇನ್ನೆಷ್ಟು ವರ್ಷ ಬದುಕಬಹುದು ಎಂದು ಹೇಳಿಬಿಡುತ್ತಾರೆ!

“ನಿಮ್ದು ಇನ್ನೂ ಹದಿನಾಕು ವರ್ಷ ಚಿಲ್ರೆ ಐತೆ. ನಿಧಾನವಾಗಿ ಊಟ ಮಾಡಿ” ಎನ್ನುತ್ತಾರೆ.

ಯಾರಿಗೆ ಇಳಿಯುತ್ತದೆ ಊಟ? ಆ ‘ಚಿಲ್ರೆ’ಯಲ್ಲಿ ಎಷ್ಟು ತಿಂಗಳಿರಬಹುದು ಎಂದು ಯೋಚಿಸುತ್ತ ಪಕ್ಕದವರು ಕೈ ತೊಳೆಯಲು ಏಳುತ್ತಾರೆ. ಕಳೆದ ವರ್ಷ ಕೆ.ಆರ್. ನಗರದ ಒಂದು ಮದುವೆಯಲ್ಲಂತೂ ಮಾವ ಆರತಕ್ಷತೆಗೆ ವೇದಿಕೆ ಹತ್ತಿ, ಗಂಡು ಹೆಣ್ಣಿನ ತಲೆಗೆ ಅಕ್ಷತೆ ಹಾಕಿ, “ಇಬ್ರೂ ಒಟ್ಟಿಗಿರೋದು ಸರಾಸರಿ ನಲವತ್ತೊಂದು ವರ್ಷ ಬರ್ತದೆ, ಒಳ್ಳೇ ಅಂಕಿ” ಎಂದು ಆಶೀರ್ವಾದ ಮಾಡಿ ಇಳಿದರು. ಹೆಣ್ಣಿನ ತಾಯಿ ಇವತ್ತಿಗೂ ನಮ್ಮ ಮನೆಯವರನ್ನು ಮಾತಾಡಿಸುವುದಿಲ್ಲ. ಮಾವ ಮಾತ್ರ ತಾವು ಕೊಟ್ಟಷ್ಟು ಖಚಿತವಾದ ಉಡುಗೊರೆಯನ್ನು ಆ ದಿನ ಬೇರೆ ಯಾರೂ ಕೊಡಲಿಲ್ಲ ಎಂದೇ ನಂಬಿದ್ದಾರೆ.

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಹಳ್ಳಿ ನಮ್ಮ ಮಾವನದು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಕೆಲಸಕ್ಕೆ ಸೇರಿ, ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಈಗ ಅರವತ್ತೊಂಬತ್ತು. ನಾನು ಅವರ ಅಕ್ಕನ ಮಗಳು, ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ಸ್ಕೂಟರಿನ ಹಿಂದಿನ ಸೀಟು ಭಾನುವಾರ ಮಾವನ ಸ್ವತ್ತು. ಅವರನ್ನು ಕೂರಿಸಿಕೊಂಡು ನಾನು ಸುತ್ತದ ಹಳ್ಳಿಯಿಲ್ಲ, ಅವರ ಪರವಾಗಿ ಕ್ಷಮೆ ಕೇಳದ ಮನೆಯಿಲ್ಲ.

ಅವರ ಲೆಕ್ಕದ ಮೂಲಸೂತ್ರವನ್ನು ನಿಮಗೂ ಹೇಳಿಬಿಡುತ್ತೇನೆ, ಹೆದರಬೇಡಿ. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ವಿಮೆಯ ಲೆಕ್ಕ ಬರೆಯುತ್ತಿದ್ದ ಒಬ್ಬಾತ ಸತ್ತವರ ಪಟ್ಟಿಯನ್ನು ನೋಡುತ್ತ ನೋಡುತ್ತ ಒಂದು ವಿಷಯ ಕಂಡುಕೊಂಡನಂತೆ. ಮೂವತ್ತು ದಾಟಿದ ಮನುಷ್ಯನಿಗೆ ಆ ವರ್ಷ ಸಾಯುವ ಸಂಭವ ಹೆಚ್ಚುಕಡಿಮೆ ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ರಾಜನಿಗೂ ಅಷ್ಟೆ, ಕೂಲಿಯವನಿಗೂ ಅಷ್ಟೆ. ಇದನ್ನು ಮೊದಲ ಸಲ ಹೇಳಿದಾಗ ಮಾವನ ಕಣ್ಣು ಹೊಳೆಯುತ್ತಿತ್ತು, ಹೆಗಲ ಮೇಲಿನ ಟವೆಲ್ಲು ಕೆಳಗೆ ಬಿದ್ದದ್ದೂ ಗೊತ್ತಿರಲಿಲ್ಲ.

“ಎಂಟು ವರ್ಷಕ್ಕೆ ಇಮ್ಮಡಿ ಅಂದ್ರೆ ನಾವ್ಯಾಕೆ ಇನ್ನೂ ಬದುಕಿದ್ದೀವಿ ಮಾವ?” ಎಂದೆ.

“ಶುರುವಾಗೋದು ತೀರಾ ಸಣ್ಣ ಅಂಕಿಯಿಂದ ಕಣವ್ವ. ಒಂದು ರಾಗಿ ಕಾಳು, ಆಮೇಲೆ ಎರಡು, ಆಮೇಲೆ ನಾಕು. ಮೊದಮೊದಲು ಕಣ್ಣಿಗೇ ಕಾಣಲ್ಲ. ಕೊನೇಲಿ ನೋಡು, ಕಣಜ ತುಂಬೋಯ್ತದೆ. ಈ ಸಾವು ಅನ್ನೋದಕ್ಕೂ ಒಂದು ಶಿಸ್ತೈತೆ ಕಣವ್ವ. ನಮ್ಮ ಬಸ್ಸಿಗಿಲ್ಲದ ಶಿಸ್ತು!”

ಒಳಗಿನಿಂದ ಅತ್ತೆಯ ದನಿ ಬಂತು: “ಆ ಶಿಸ್ತು ಹಂಗಿರ್ಲಿ. ಟವಲ್ ನೆಲದ ಮ್ಯಾಲೈತೆ, ತಕ್ಕಳಿ.”

ಈ ಹುಚ್ಚು ಹತ್ತಿದ್ದು ಹೇಗೆ ಎಂಬುದನ್ನು ಈಗಲೇ ಹೇಳಬೇಕು, ಇಲ್ಲದಿದ್ದರೆ ನೀವು ನನ್ನ ಮಾವನನ್ನು ತಪ್ಪು ತಿಳಿಯುತ್ತೀರಿ. ನಾಲ್ಕು ವರ್ಷದ ಹಿಂದೆ ಅತ್ತೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು. ಹೃದಯದ ತೊಂದರೆ ಎಂದರು, ಮಾತ್ರೆ ಕೊಟ್ಟರು, ಗುಣವೂ ಆಯಿತು. ಆದರೆ ಸೇರಿಸುವ ದಿನ ಚೀಟಿ ಬರೆಯುವ ಹುಡುಗಿ “ಪೇಷೆಂಟ್ ವಯಸ್ಸು?” ಎಂದು ಕೇಳಿದಾಗ ಮಾವ ಬಾಯಿ ತೆರೆದವರು ಹಾಗೇ ನಿಂತರು. ಮೂವತ್ತಾರು ವರ್ಷ ಗಣಿತ ಹೇಳಿಕೊಟ್ಟ ಮನುಷ್ಯನಿಗೆ ಸ್ವಂತ ಹೆಂಡತಿಯ ವಯಸ್ಸು ಗೊತ್ತಿರಲಿಲ್ಲ! ಕೊನೆಗೆ ಅಂದಾಜಿನಲ್ಲಿ ಒಂದು ಅಂಕಿ ಹೇಳಿದರು. ಅಂದಾಜು ಎಂಬ ಶಬ್ದವನ್ನು ಉತ್ತರ ಪತ್ರಿಕೆಯಲ್ಲಿ ಕಂಡರೆ ಕೆಂಪು ಗೆರೆ ಎಳೆಯುತ್ತಿದ್ದವರು ಅವರು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, “ನಾವಿಬ್ರೂ ಇನ್ನೆಷ್ಟು ವರ್ಷ ಒಟ್ಟಿಗಿರ್ತೀವಿ ಅಂತ ಲೆಕ್ಕ ಆಕಕ್ಕೂ ನಂಗೊಂದು ಅಂಕಿ ಇಲ್ವಲ್ಲವ್ವ” ಎಂದರು.

ಅಂದಿನಿಂದ ಶುರು. ಪುಸ್ತಕ ತರಿಸಿದರು, ಮೊಬೈಲಿನಲ್ಲಿ ಪಾಠ ಕೇಳಿದರು, ಉದ್ದದ ರೂಲ್ ಪುಸ್ತಕದಲ್ಲಿ ಕೋಷ್ಟಕ ಹಾಕಿದರು. ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳು, ಎಲ್ಲರ ಹೆಸರು, ವಯಸ್ಸು, ಉಳಿದ ವರ್ಷ ನೀಲಿ ಶಾಯಿಯಲ್ಲಿ. ಒಬ್ಬರದು ಮಾತ್ರ ಪೆನ್ಸಿಲಿನಲ್ಲಿ. ಅತ್ತೆಯ ಹೆಸರಿನ ಮುಂದೆ ಈ ವರ್ಷ ‘65’ ಎಂದು ತೆಳ್ಳಗೆ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮದುವೆಯಲ್ಲಿ ಹುಡುಗಿ ನಾಲ್ಕು ವರ್ಷ ಚಿಕ್ಕವಳು ಎಂದು ಹೇಳಿದ್ದರಂತೆ, ಅದೊಂದೇ ಆಧಾರ.

ಅತ್ತೆಯನ್ನು ಕೇಳಿದರೆ ಸಿಗುವ ಉತ್ತರ ಯಾವಾಗಲೂ ಒಂದೇ: “ನಿಮ್ಗಿಂತ ಚಿಕ್ಕೋಳು. ಅಷ್ಟು ಸಾಕು.”

ಅಂಕಿ ಅಂಶ ಬೇಕಲ್ಲ? ಇಂಗ್ಲೆಂಡಿನವನ ಪಟ್ಟಿ ನಮ್ಮ ರಾಗಿಮುದ್ದೆಯ ಜನಕ್ಕೆ ಹೊಂದುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು ಎಂದು ಮಾವ ತಿಥಿ ಕಾರ್ಡುಗಳನ್ನು ಕೂಡಿಹಾಕತೊಡಗಿದರು. ತೀರಿಕೊಂಡವರ ಫೋಟೋ, ಹುಟ್ಟಿದ ದಿನ, ಹೋದ ದಿನ ಎಲ್ಲ ಅಚ್ಚಾಗಿರುವ ಕಾರ್ಡು. ಇದಕ್ಕಿಂತ ಒಳ್ಳೆಯ ದಾಖಲೆ ಎಲ್ಲಿ ಸಿಗುತ್ತದೆ? ಆದರೆ ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ಇಡುವಂತಿಲ್ಲ. ಹೊಸ್ತಿಲಾಚೆ ನಿಂತು ಓದಿ, ಅಲ್ಲೇ ಹರಿದು ಎಸೆಯಬೇಕು. ಮಾವ ಇನ್ನೂರು ಕಾರ್ಡುಗಳ ಗಂಟು ಹಿಡಿದು ಬಾಗಿಲಿಗೆ ಬಂದಾಗ ಅತ್ತೆ ಪೊರಕೆ ಹಿಡಿದು ಅಡ್ಡ ನಿಂತರು.

“ಒಂದು ಬಂದ್ರೇ ಮನೆಗಾಗಲ್ಲ ಅಂತಾರೆ. ನೀವು ಇಡೀ ತಾಲೂಕ್ನೇ ಒಳಕ್ಕೆ ಕರ್ಕಬತ್ತಾ ಇದ್ದೀರಲ್ಲ” ಎಂದರು.

ಮಾವ ಅಂಗಳದಲ್ಲಿ ನಿಂತು ಸುತ್ತ ನೋಡಿದರು. ತೋಟದ ಮೂಲೆಯಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇತ್ತು. ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟು ಐದಾರು ವರ್ಷವಾಗಿ ಅದು ಖಾಲಿ ಬಿದ್ದಿತ್ತು. ನೋಡದವರಿಗೆ ಹೇಳುತ್ತೇನೆ: ಕಿಟಕಿಯಿಲ್ಲದ, ಎರಡಾಳೆತ್ತರದ ಒಂದು ಕೋಣೆ. ಒಳಗೆ ಕೆಳಗಿನಿಂದ ಮೇಲಿನವರೆಗೆ ಅಡ್ಡ ಮರಗಳ ಅಂತಸ್ತು. ಎಲೆಗಳನ್ನು ಕಡ್ಡಿಗೆ ಪೋಣಿಸಿ ಆ ಅಂತಸ್ತುಗಳಲ್ಲಿ ನೇತುಹಾಕಿ ಕೆಳಗೆ ಬೆಂಕಿ ಹಾಕುತ್ತಾರೆ. ಮಾವ ಎಲೆಗಳ ಜಾಗದಲ್ಲಿ ಕಾರ್ಡುಗಳನ್ನು ಪೋಣಿಸಿದರು! ಕೆಳಗಿನ ಅಂತಸ್ತು ಹತ್ತು ವರ್ಷದೊಳಗಿನವರಿಗೆ, ಅದರ ಮೇಲೆ ಹತ್ತರಿಂದ ಇಪ್ಪತ್ತು, ಹಾಗೇ ಮೇಲಕ್ಕೆ ತೊಂಬತ್ತು ದಾಟಿದವರವರೆಗೆ. ಒಂದು ಭಾನುವಾರ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಟಾರ್ಚು ಬಿಟ್ಟರು. ನನಗೆ ಗಣಿತ ಅಷ್ಟಕ್ಕಷ್ಟೆ. ಆದರೂ ನೋಡಿದೊಡನೆ ಅರ್ಥವಾಯಿತು. ಕೆಳಗೆ ನಾಲ್ಕಾರು ಕಾರ್ಡು, ಮೇಲೆ ಹೋದಹಾಗೆ ದಟ್ಟ, ಎಪ್ಪತ್ತು ಎಂಬತ್ತರಲ್ಲಿ ಜಾಗವೇ ಇಲ್ಲ, ತುತ್ತತುದಿಯಲ್ಲಿ ಮತ್ತೆ ವಿರಳ. ಇಡೀ ನಾಲ್ಕು ತಾಲ್ಲೂಕಿನ ಆಯುಷ್ಯ ಅಲ್ಲಿ ತೂಗಾಡುತ್ತಿತ್ತು.

ಇಪ್ಪತ್ತರಿಂದ ಮೂವತ್ತರ ಅಂತಸ್ತಿನಲ್ಲಿ ಮಾತ್ರ ಸೂತ್ರ ಹೇಳುವುದಕ್ಕಿಂತ ಹೆಚ್ಚು ಕಾರ್ಡುಗಳಿದ್ದವು. “ಇವೆಲ್ಲ ಬೈಕು ಕಣವ್ವ” ಎಂದರು ಮಾವ. ಅವುಗಳಲ್ಲಿ ಮೂರು ನಾಲ್ಕು ಅವರ ಹಳೆಯ ವಿದ್ಯಾರ್ಥಿಗಳು. ಹೊರಗೆ ಬಂದವರೇ ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ನೋಡಿ, ಸಡಿಲವಾಗಿದೆ ಎಂದು ಬೈದರು.

ಕಾರ್ಡುಗಳಿಂದ ಮಾವನಿಗೆ ಒಂದು ಮಹಾ ಸಂಶೋಧನೆಯೂ ಕೈಗೆ ಬಂತು. ಒಂದು ದಿನ ಕಾಲೇಜಿಗೇ ಫೋನು ಮಾಡಿದರು. “ಅರ್ಜೆಂಟು ಬಾ. ನಮ್ಮ ಜನದಲ್ಲಿ ಅರ್ಧಕ್ಕರ್ಧ ಹುಟ್ಟಿರೋದು ಜೂನ್ ಒಂದನೇ ತಾರೀಕು ಕಣವ್ವ. ಜಗತ್ತಲ್ಲಿ ಎಲ್ಲೂ ಇಂಗಿಲ್ಲ. ಇದಕ್ಕೂ ಮುಂಗಾರಿಗೂ ಸಂಬಂಧ ಐತೆ. ನಾನು ಬರೆದು ಕಳಿಸ್ತೀನಿ, ನೋಡ್ತಿರು.”

ನಾನು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಅವರ ಹಳೆಯ ಶಿಷ್ಯನೊಬ್ಬ ಕೂತಿದ್ದ. ಐವತ್ತು ದಾಟಿದ ಆಸಾಮಿ, ಹೊಗೆಸೊಪ್ಪಿನ ರೈತ. ಅವನೂ ಜೂನ್ ಒಂದರವನೇ. ಮಾವ ಅವನಿಗೆ ಮುಂಗಾರು, ಗರ್ಭ, ಒಂಬತ್ತು ತಿಂಗಳು ಎಂದೆಲ್ಲ ವಿವರಿಸುತ್ತಿದ್ದರು. ಅವನು ವಿನಯದಿಂದ ಎಲ್ಲ ಕೇಳಿ, ಕೊನೆಗೆ ತಲೆ ಕೆರೆದುಕೊಂಡು ಹೇಳಿದ:

“ಸಾ, ನಮ್ಮವ್ವ ನನ್ನ ಇಸ್ಕೂಲಿಗೆ ಸೇರ್ಸಕ್ಕೆ ಬಂದಾಗ, ಯಾವಾಗ ಹುಟ್ಟಿದ್ದು ಅಂತ ಕೇಳುದ್ರಿ. ಹುರಳಿ ಕೀಳೋ ಟೈಮಲ್ಲಿ ಅಂದ್ಲು. ನೀವೇ ಜೂನ್ ಒಂದು ಅಂತ ಬರ್ಕಂಡ್ರಿ. ನಂಗೊಬ್ಬಂಗಲ್ಲ, ಸಾಲಾಗಿ ನಿಂತಿದ್ದ ನಲವತ್ತು ಐಕ್ಳಿಗೂ ಅಂಗೇ ಬರುದ್ರಿ.”

ಶಾಲೆ ಶುರುವಾಗುವುದು ಜೂನಿನಲ್ಲಿ, ಆ ದಿನಕ್ಕೆ ವಯಸ್ಸು ಭರ್ತಿಯಾಗಿರಬೇಕು, ತಾಯಂದಿರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ. ಯಾವ ಮೇಷ್ಟ್ರು ತಾನೇ ಬೇರೆ ಏನು ಬರೆದಾರು? ತಾವೇ ನೂರಾರು ಮಕ್ಕಳನ್ನು ಒಂದೇ ದಿನ ಹುಟ್ಟಿಸಿದ್ದನ್ನು ಮಾವ ಮರೆತೇಬಿಟ್ಟಿದ್ದರು! ಒಳಗೆ ಅತ್ತೆ ನಗುವುದು ಜಗಲಿಗೆ ಕೇಳಿಸುತ್ತಿತ್ತು. ಮಾವ ಮಹಾ ಸಂಶೋಧನೆಯ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಆದರೆ ಸೋಲೊಪ್ಪುವ ಜಾತಿಯಲ್ಲ ಅವರು. ಮುಂದಿನ ವಾರವೇ ಬೆಟ್ಟದಪುರದ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತೈದು ದಾಟಿದವರು ಕಿಕ್ಕಿರಿದಿದ್ದಾರೆ ಎಂಬ ಸುದ್ದಿ ತಂದರು. ಸೂತ್ರದ ಪ್ರಕಾರ ಅಷ್ಟು ಜನ ಇರುವಂತೆಯೇ ಇಲ್ಲ. ತುಂಬಾ ಮುದುಕರಾದ ಮೇಲೆ ಸಾವಿನ ವೇಗ ಕಡಿಮೆಯಾಗಬಹುದು ಎಂದು ದೊಡ್ಡ ದೊಡ್ಡವರು ಇವತ್ತಿಗೂ ವಾದ ಮಾಡುತ್ತಿದ್ದಾರಂತೆ, ಅದಕ್ಕೆ ಸಾಕ್ಷಿ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಸಿಕ್ಕಿತೆಂದು ಮಾವ ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕುಣಿಯುತ್ತಿದ್ದರು. ಎರಡು ಸಲ ನಾನು ಗುಂಡಿಗೆ ಇಳಿಸಿದೆ.

ಹಳ್ಳಿಯ ಅರಳಿಕಟ್ಟೆಯಲ್ಲಿ ಎಂಬತ್ತೆಂಟು ವರ್ಷದ ಅಜ್ಜಿಯೊಬ್ಬಳು ಒಂದು ಕೊಡ ನೀರು ಸೊಂಟದ ಮೇಲಿಟ್ಟುಕೊಂಡು ಸರಸರ ಬಂದಳು. ಮಾವ ಕೈ ಮುಗಿದೇಬಿಟ್ಟರು.

“ಅಜ್ಜೀ, ಇದರ ಗುಟ್ಟೇನು?”

“ಗುಟ್ಟೇನ್ ಬಂತಪ್ಪ, ನಲ್ಲೀಲಿ ನೀರು ಬಂದದೆ.”

“ನೀರಿಂದಲ್ಲ, ಎಂಬತ್ತೆಂಟು ವರ್ಷದ್ದು.”

ಅಜ್ಜಿ ಮಾವನನ್ನೂ ನನ್ನನ್ನೂ ಒಮ್ಮೆ ಅನುಮಾನದಿಂದ ನೋಡಿದಳು. “ನೀವು ಪಿಂಚಣಿ ಆಪೀಸ್ನೋರಾ?” ಅಲ್ಲ ಎಂದು ಖಾತ್ರಿಯಾದ ಮೇಲೆ ಕೊಡ ಇಳಿಸಿ ಹೇಳಿದಳು: “ಅದು ಪಿಂಚಣಿ ವಯಸ್ಸು ಕನಪ್ಪ. ಐವತ್ತೆಂಟ್ರಲ್ಲೇ ಅರವತ್ತೈದು ಅಂತ ಬರ್ಸಿದ್ರು. ಆಮೇಕೆ ಇನ್ನೊಂದು ಕಾರ್ಡ್ ಮಾಡ್ವಾಗ ಅದಕ್ಕೂ ಇನ್ನೊಂದತ್ತು ಸೇರ್ತು. ನಂಗೆ ಎಪ್ಪತ್ತಾಗಿದ್ರೆ ಅದೇ ಎಚ್ಚು.”

ಆಹಾ, ನಮ್ಮ ಜನವೇ! ಶಾಲೆಯಲ್ಲಿ ಒಂದು ವಯಸ್ಸು, ಪಿಂಚಣಿಗೆ ಒಂದು ವಯಸ್ಸು, ಅವ್ವ ಹೇಳಿದ್ದು ಇನ್ನೊಂದು ವಯಸ್ಸು. ಒಬ್ಬೊಬ್ಬರಿಗೂ ಮೂರು ವಯಸ್ಸಿರುವ ಜನರ ಮೇಲೆ ಯಾವ ಸೂತ್ರ ನಿಂತೀತು? ಮಾವ ಹಿಂದಿರುಗುವಾಗ ಸೀಟಿನಲ್ಲಿ ಕುಣಿಯಲಿಲ್ಲ. ನಾನೂ ಗುಂಡಿ ತಪ್ಪಿಸಿ ಓಡಿಸಿದೆ.

ಬೈಲಕುಪ್ಪೆಗೂ ಹೋಗಿದ್ದೆವು. ಅಲ್ಲಿ ಸ್ವೆಟರಿನ ಅಂಗಡಿ ಇಟ್ಟಿರುವ ಟಿಬೆಟಿನ ಹಿರಿಯರೊಬ್ಬರು ಮಾವನಿಗೆ ಹಳೆಯ ಸ್ನೇಹಿತರು. ಮಗು ಹುಟ್ಟಿದ ದಿನವೇ ಒಂದು ವರ್ಷ ಎಂದು ಎಣಿಸುವುದು ತಮ್ಮ ಹಳೆಯ ರೂಢಿ, ಹೊಸ ವರ್ಷ ಬಂದಾಗ ಎಲ್ಲರಿಗೂ ಒಟ್ಟಿಗೆ ಒಂದು ಕೂಡುತ್ತದೆ ಎಂದು ಅವರು ಹೇಳಿದ್ದನ್ನು ಮಾವ ಭಕ್ತಿಯಿಂದ ಬರೆದುಕೊಂಡರು. ತಮ್ಮ ಕೋಷ್ಟಕವನ್ನೂ ತೋರಿಸಿದರು. ಹಿರಿಯರು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ನೋಡಿ, “ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಇದು ಈ ಸಲದ್ದು ಮಾತ್ರ ಅಲ್ವಾ? ಮುಂದಿನ ಸಲದ್ದು ಯಾವ ಪುಟದಲ್ಲಿದೆ?” ಎಂದು ಕೇಳಿದರು. ಮಾವ ಪುಟ ತಿರುಗಿಸಿದರು. ಅಲ್ಲಿ ಹಾಲಿನ ಡೈರಿಯ ಚೀಟಿ ಅಂಟಿಸಿತ್ತು.

ಇಷ್ಟರಲ್ಲಿ ಮಾವನ ಖ್ಯಾತಿ ಹಬ್ಬಿ, ಸೋಮವಾರ ಬೆಳಗ್ಗೆ ಜಗಲಿಯ ಮೇಲೆ ಜನ ಬಂದು ಕೂರತೊಡಗಿದರು. ಕೈ ನೋಡುವುದಿಲ್ಲ, ಜಾತಕ ಬೇಡ, ಬರೀ ವಯಸ್ಸು ಹೇಳಿದರೆ ಸಾಕು ಎಂದರೆ ಯಾರು ಬಿಡುತ್ತಾರೆ? ಒಬ್ಬ ಕುಂಬಳಕಾಯಿ ತಂದ, ಒಬ್ಬಳು ಬಾಳೆಗೊನೆ ತಂದಳು. ಮಾವನಿಗೆ ಮೈಯೆಲ್ಲ ಉರಿ. “ಇದು ಜ್ಯೋತಿಷ್ಯ ಅಲ್ಲ ಕಣ್ರಯ್ಯ. ಇದು ಸರಾಸರಿ. ನಿಮ್ಮಂತೋರು ಹತ್ತು ಸಾವಿರ ಜನ ಇದ್ರೆ ಅವರಲ್ಲಿ ಎಷ್ಟು ಜನ ಉಳೀತಾರೆ ಅಂತ ಹೇಳ್ತದೆ ಅಷ್ಟೆ” ಎಂದು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಗ್ರಾಫ್ ಬರೆದು ಅರ್ಧ ಗಂಟೆ ಪಾಠ ಮಾಡಿದರು.

ಕುಂಬಳಕಾಯಿಯವನು ಎಲ್ಲ ಮುಗಿಯುವವರೆಗೆ ಕಾದು, “ಹತ್ತು ಸಾವ್ರ ಜನದ್ದು ಬುಡಿ ಸಾ, ಅವ್ರು ಎಂಗೋ ಮಾಡ್ಕತಾರೆ. ನಂದೇಳಿ” ಎಂದ.

ಮಾವ ಗೋಡೆಗೆ ತಲೆ ಒರಗಿಸಿ ನಿಂತುಬಿಟ್ಟರು. ಈ ಕಡೆ ತಿರುಗಿದಾಗ ಹಣೆಯ ಮೇಲೆ ಗ್ರಾಫಿನ ತುದಿ ಅಂಟಿಕೊಂಡಿತ್ತು. ಇನ್ನೂರು ವರ್ಷದಿಂದ ದೊಡ್ಡ ದೊಡ್ಡವರು ಬಿಡಿಸಲಾಗದ ತೊಡಕನ್ನು ಆ ಮನುಷ್ಯ ಒಂದೇ ಮಾತಿನಲ್ಲಿ ಹೇಳಿದನೆಂದು ಸಂಜೆ ಮಾವನೇ ಒಪ್ಪಿಕೊಂಡರು. ಕುಂಬಳಕಾಯಿಯ ಹುಳಿ ಚೆನ್ನಾಗಿತ್ತು.

ನಗುತ್ತಿದ್ದೇನೆ, ಆದರೆ ಈ ಲೆಕ್ಕದಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕವರು ನನ್ನ ಅತ್ತೆ. ಪೆನ್ಸಿಲಿನ ಅಂಕಿಯನ್ನೇ ಹಿಡಿದು ಮಾವ ಒಂದು ತೀರ್ಮಾನಕ್ಕೆ ಬಂದಿದ್ದರು. ಹೆಂಗಸರು ಗಂಡಸರಿಗಿಂತ ಹೇಗೂ ನಾಲ್ಕು ವರ್ಷ ಹೆಚ್ಚು ಬಾಳುತ್ತಾರೆ, ಅದರ ಮೇಲೆ ಅತ್ತೆ ನಾಲ್ಕು ವರ್ಷ ಚಿಕ್ಕವರು. ನಾಲ್ಕು ಮತ್ತು ನಾಲ್ಕು ಎಂಟು. ಅಂದರೆ ಮಾವ ಹೋದ ಮೇಲೆ ಅತ್ತೆ ಎಂಟು ವರ್ಷ ಒಬ್ಬರೇ ಇರಬೇಕು. ಆ ಎಂಟು ವರ್ಷಕ್ಕೆ ಹೆಂಡತಿಯನ್ನು ತಯಾರು ಮಾಡುವುದೇ ಮಾವನ ಜೀವನದ ಗುರಿಯಾಯಿತು! ಫ್ಯೂಸ್ ಹಾಕುವುದು ಕಲಿಸಿದರು. ಪಂಪ್‌ಸೆಟ್ ಸ್ಟಾರ್ಟರಿನ ಬಟನ್ನುಗಳಿಗೆ ಕುಂಕುಮ, ಅರಿಶಿನದ ಬೊಟ್ಟಿಟ್ಟು ಗುರುತು ಹೇಳಿಕೊಟ್ಟರು. ಪಿರಿಯಾಪಟ್ಟಣದ ಎಟಿಎಂ ಮುಂದೆ ಹಿಂದಿನವರೆಲ್ಲ ಗೊಣಗುತ್ತಿದ್ದರೂ ಅತ್ತೆಯಿಂದ ಮೂರು ಸಲ ಪಿನ್ ಒತ್ತಿಸಿದರು. ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡುವುದನ್ನು ಅಭ್ಯಾಸ ಮಾಡಿಸಲು ಹೋಗಿ ಮನೆಗೆ ಎರಡು ಸಿಲಿಂಡರ್ ಬಂದವು. ಕೊನೆಗೆ ನನ್ನ ಸ್ಕೂಟರನ್ನೂ ಕಣದಲ್ಲಿ ನಿಲ್ಲಿಸಿ, “ಹತ್ತು” ಎಂದರು. ಅತ್ತೆ ಹತ್ತಿದರು. ಸ್ಕೂಟರು ನೇರ ಹುಲ್ಲಿನ ಮೆದೆಗೆ ಹೋಗಿ ನಿಂತಿತು.

ಮೆದೆಯೊಳಗಿನಿಂದಲೇ ಅತ್ತೆ ಹೇಳಿದರು: “ನೀವೋದ್ಮೇಲೆ ಎಂಟು ವರ್ಷ ನಾನು ಎಲ್ಲಿಗೋಗ್ಬೇಕು ಇದ್ರ ಮ್ಯಾಲೆ? ಈಗ ನನ್ನ ಎಳೀರಿ ಆಚೆಗೆ.”

“ನಂಗೆ ನಿನ್ನ ಸರಿಯಾದ ವಯಸ್ಸು ಹೇಳು, ಎಂಟೋ ಆರೋ ಖಚಿತ ಮಾಡ್ತೀನಿ.”

“ನಿಮ್ಗಿಂತ ಚಿಕ್ಕೋಳು. ಅಷ್ಟು ಸಾಕು.”

ಕೈ ಹಿಡಿದು ಎಳೆದು, ತಲೆಗೂದಲಿನಿಂದ ಹುಲ್ಲು ತೆಗೆಯುವಾಗ ಮಾವನ ಮುಖ ನೋಡಿದೆ. ತಮಾಷೆ ಏನೂ ಇರಲಿಲ್ಲ ಅಲ್ಲಿ. ಅವರ ಮಗಳು ಕೆ.ಆರ್. ನಗರದಲ್ಲೇ ಇದ್ದಾಳೆ, ವಾರಕ್ಕೊಮ್ಮೆ ಬರುತ್ತಾಳೆ, ನಾನಿದ್ದೇನೆ. ಆದರೂ ಆ ಎಂಟು ವರ್ಷ ಅವರನ್ನು ತಿನ್ನುತ್ತಿತ್ತು.

ಹೋದ ತಿಂಗಳು ಪಕ್ಕದ ಮನೆಯ ಕೂಸಿಗೆ ಲಿಂಗ ಕಟ್ಟಲು ಅಂತರಸಂತೆ ಕಡೆಯಿಂದ ಒಬ್ಬ ಹಿರಿಯ ಅಯ್ಯನವರು ಬಂದಿದ್ದರು. ಹುಟ್ಟಿದ ಮಗುವಿಗೆ ಲಿಂಗ ಕಟ್ಟುವುದು ನಮ್ಮಲ್ಲಿ ಮೊದಲ ಕೆಲಸ. ಮಾವ ಅಭ್ಯಾಸಬಲದಿಂದ ಅವರನ್ನೂ “ತಮಗೆಷ್ಟು ವಯಸ್ಸು ಬುದ್ಧಿ?” ಎಂದು ಕೇಳಿದರು. ಅಯ್ಯನವರು ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾಲ್ಕು ವರ್ಷದಲ್ಲಿ ತಡವರಿಸದೆ ವಯಸ್ಸು ಹೇಳಿದ ಮೊದಲ ಮನುಷ್ಯ! ಅದು ಹೇಗೆ ಎಂದರೆ, “ನಮ್ಮಪ್ಪಾರು ಯಾವ ಕೂಸಿಗೆ ಲಿಂಗ ಕಟ್ಟುದ್ರೂ ಆ ವರ್ಸದ ಪಂಚಾಂಗದ ಅಂಚಲ್ಲಿ ಬರ್ದಿಡೋರು. ನಂದೂ ಅದ್ರಲ್ಲೈತೆ. ಕಬಿನಿ ಅಣೆಕಟ್ಟಿಗೆ ನಮ್ಮೂರು ಮುಳುಗ್ದಾಗ ಪಾತ್ರೆ ಪಗಡ ಬುಟ್ಟು ಆ ಗಂಟು ಹೊತ್ಕಂಡು ಬಂದ್ರು” ಎಂದರು.

ಮುಳುಗಿದ ಆ ಊರೇ ಅತ್ತೆಯ ತವರು. ಮಾವ ನನ್ನ ಕಡೆ ನೋಡಿದರು. ನಾನು ಸ್ಕೂಟರಿನ ಕೀ ಕಡೆ ನೋಡಿದೆ.

ಭಾನುವಾರ ಬೆಳಗ್ಗೆಯೇ ಅಂತರಸಂತೆಗೆ ಹೊರಟೆವು. ಅತ್ತೆಗೆ ಮಾವ ಎಚ್.ಡಿ. ಕೋಟೆಗೆ ಹೋಗುತ್ತೇವೆ ಎಂದಷ್ಟೇ ಹೇಳಿದ್ದರು. ದಾರಿಯುದ್ದಕ್ಕೂ ಮಾವನ ಉತ್ಸಾಹ ಕೇಳಬೇಡಿ. “ಇವತ್ತು ಪೆನ್ಸಿಲ್ ಅಳಿಸಿ ಶಾಯೀಲಿ ಬರೀತೀನಿ” ಎಂದು ಹತ್ತು ಸಲ ಹೇಳಿದರು. ಎದೆಜೇಬಿನಲ್ಲಿ ಹೊಸ ಪೆನ್ನು ಬೇರೆ.

ಅಯ್ಯನವರು ಅಟ್ಟದಿಂದ ಗಂಟು ಇಳಿಸಿ ಬಿಚ್ಚಿದರು. ಹೊಗೆ ಬಡಿದು ಕಂದಾದ ಪಂಚಾಂಗಗಳು, ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಅತ್ತೆ ಹುಟ್ಟಿರಬಹುದಾದ ವರ್ಷದಿಂದ ಹುಡುಕಲು ಶುರು ಮಾಡಿದೆವು. ಸಿಗಲಿಲ್ಲ. ಅದರ ಮುಂದಿನ ನಾಲ್ಕು ವರ್ಷ ನೋಡಿದೆವು, ಇಲ್ಲ. “ಹಿಂದಕ್ಕೆ ನೋಡನ ತಾಳಿ” ಎಂದು ಅಯ್ಯನವರು ಹಳೆಯವನ್ನು ತೆಗೆದರು. ಮೂರು ಪಂಚಾಂಗ ದಾಟಿ ದುರ್ಮುಖಿ ಸಂವತ್ಸರ. ಅದು ಮಾವ ಹುಟ್ಟಿದ ವರ್ಷ. ಅದರಲ್ಲೂ ಇಲ್ಲ. ಅದಕ್ಕೂ ಹಿಂದಿನ ಮನ್ಮಥ, ಇಲ್ಲ. ಅದಕ್ಕೂ ಹಿಂದಿನದು ಜಯ. ಅದರ ಮಾಘ ಮಾಸದ ಪುಟದಲ್ಲಿ ಅತ್ತೆಯ ಅಪ್ಪನ ಹೆಸರು, ಮುಂದೆ ‘ಹೆಣ್ಣು ಕೂಸು, ಲಿಂಗ ಕಟ್ಟಿತು’ ಎಂದಿತ್ತು. ಅತ್ತೆ ಅವರಿಗೆ ಒಬ್ಬಳೇ ಮಗಳು.

ಮಾವ ಬೆರಳು ಮಡಚಿ ಎಣಿಸಿದರು. ಜಯ, ಮನ್ಮಥ, ದುರ್ಮುಖಿ. ಮತ್ತೊಮ್ಮೆ ಎಣಿಸಿದರು. ಗಣಿತದ ಮೇಷ್ಟ್ರು ಎರಡನ್ನು ಎರಡು ಸಲ ಎಣಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಯ್ಯನವರು ಮಾವನಿಗೆ ಮೆತ್ತಗೆ, “ಗಂಡಿಗಿಂತ ಹೆಣ್ಣು ದೊಡ್ಡೋಳು ಅಂದ್ರೆ ಸಂಬಂಧ ಮುರುದೋಯ್ತದೆ ಅಂತ ನಿಮ್ಮ ಮಾವನೋರು ನಮ್ಮಪ್ಪಾರ ಕೈ ಹಿಡ್ಕಂಡು ಕೇಳ್ಕಂಡಿದ್ರಂತೆ, ಯಾರಾರ ಬಂದು ಕೇಳುದ್ರೆ ಬಾಯ್ ಬುಡಬ್ಯಾಡಿ ಅಂತ. ಈಗಿನ್ನೇನು ಬುಡಿ” ಎಂದರು.

ಹೊಸ ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ. ಹಿಂದಿರುಗುವಾಗ ಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾವ ಲೋಟ ಹಿಡಿದುಕೊಂಡು ನೆಲ ನೋಡುತ್ತ, “ನಾಕು ಕಡಿಮೆ ಅಲ್ಲ, ಎರಡು ಜಾಸ್ತಿ. ಹೆಂಗಸ್ರ ನಾಕ್ರಲ್ಲಿ ಅದನ್ನ ಕಳೆದ್ರೆ ಎಂಟು ಹೋಗಿ ಎರಡಾಯ್ತು ಕಣವ್ವ. ಮೇಲೆ ಆ ಹೃದಯದ್ದು ಬೇರೆ. ಈಗ ಯಾರು ಮುಂಚೆ ಅನ್ನೋದು ನಾಣ್ಯ ಚಿಮ್ಮಿದಂಗೆ” ಎಂದರು. ಆಮೇಲೆ, “ನಾನೊಬ್ನೇ ಉಳಿಯೋ ಲೆಕ್ಕ ನಾನು ಹಾಕೇ ಇರ್ಲಿಲ್ಲ” ಎಂದರು. ಚಹಾ ಹಾಗೇ ಉಳಿಯಿತು.

ಮನೆ ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಅತ್ತೆ ಒಲೆಯ ಮುಂದೆ ನಿಂತು ಮುದ್ದೆ ತಿರುವುತ್ತಿದ್ದರು. ನಲವತ್ತಮೂರು ವರ್ಷದ ಸಂಸಾರದಲ್ಲಿ ಬೆಂಕಿಪೊಟ್ಟಣ ಹುಡುಕುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅಡುಗೆಮನೆಗೆ ಕಾಲಿಡದ ಮಾವ, ಕೈಕಾಲು ತೊಳೆದವರೇ ನೇರ ಒಳಗೆ ಹೋದರು. ಅಂಗಿಯ ತೋಳು ಮೇಲಕ್ಕೆ ಮಡಚಿದರು.

“ಮುದ್ದೆ ತಿರುವೋದು ಎಂಗೆ ಅಂತ ನಂಗೆ ತೋರ್ಸು” ಎಂದರು.

ಅತ್ತೆಯ ಕೈಯಲ್ಲಿ ಮುದ್ದೆಕೋಲು ನಿಂತಿತು. ಮಾವನ ಮುಖ ನೋಡಿದರು, ಬಾಗಿಲಲ್ಲಿದ್ದ ನನ್ನ ಮುಖ ನೋಡಿದರು. ಹಿಟ್ಟು ತಳ ಹಿಡಿಯುವ ವಾಸನೆ ಬಂದಾಗ ಉರಿ ಸಣ್ಣ ಮಾಡಿದರು.

“ಅಂತರಸಂತೆಗೆ ಹೋಗಿದ್ರಾ?”

“ಇಲ್ಲ. ಕೋಟೇಲಿ ತಿಥಿ ಕಾರ್ಡು ಒಂದೆರಡು ಇಸ್ಕಳೋದಿತ್ತು” ಎಂದರು ಮಾವ. ಸುಳ್ಳು ಅಂಕಿಯನ್ನು ಶಾಯಿಯಲ್ಲಿ ಬರೆಯಲಾರದೆ ನಾಲ್ಕು ವರ್ಷ ಪೆನ್ಸಿಲ್ ಹಿಡಿದಿದ್ದ ಮನುಷ್ಯ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು. “ಅದೆಲ್ಲ ಬುಡು, ನೀನು ನಂಗಿಂತ ಚಿಕ್ಕೋಳು, ಗೊತ್ತು ನಂಗೆ. ಕೋಲು ಕೊಡೀಗ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆ ಎನ್ನೋಣವೆಂದರೆ ಅದು ಗ್ಯಾಸ್ ಒಲೆ. ಮಾವನ ಕೈಗೆ ಕೋಲು ಕೊಟ್ಟು, ಅವರ ಮುಷ್ಟಿಯ ಮೇಲೆ ತಮ್ಮ ಕೈಯನ್ನೂ ಇಟ್ಟು ಒತ್ತಿ ಹಿಡಿದರು.

“ಗಂಟಾಗ್ದಂಗೆ ತಿರುವಿ. ಬ್ಯಾಗ ಬರೋ ಕೆಲ್ಸ ಅಲ್ಲ ಇದು. ಕಲಿಯಕ್ಕೆ ಬೋ ವರ್ಸ ಬೇಕು.”

“ಎಷ್ಟು ವರ್ಷ?”

“ಲೆಕ್ಕ ಆಕ್ಬ್ಯಾಡಿ. ತಿರುವಿ.”

ಅವತ್ತಿನ ಮುದ್ದೆಯ ತುಂಬ ಬರೀ ಗಂಟು. ನಾವು ಮೂವರೂ ಎರಡೆರಡು ತಿಂದೆವು.